ಕ್ರೈಸ್ತರದು ಬರೀ ನಂಬಿಕೆನಾ, ತತ್ವಶಾಸ್ತ್ರ ಇಲ್ವಾ?

ಪ್ರಶ್ನೆ: ಸರ್, ನಮ್ಮಲ್ಲಿ ಆರು ದರ್ಶನಗಳಿವೆ, ವಾದ-ಪ್ರತಿವಾದ ಇದೆ. ಕ್ರೈಸ್ತ ಧರ್ಮದಲ್ಲಿ ‘ಸುಮ್ನೆ ನಂಬು’ ಅನ್ನುವುದು ಬಿಟ್ಟರೆ ಬೇರೆ ಏನೂ ಇಲ್ಲ ಅಂತ ಕೇಳಿದ್ದೇನೆ. ‘ಅಸಂಬದ್ಧವಾಗಿದೆ, ಅದಕ್ಕೇ ನಂಬುತ್ತೇನೆ’ ಅಂತ ಅವರ ಸಂತರೇ ಹೇಳಿದ್ದಾರಂತೆ. ಹಾಗಿದ್ದ ಮೇಲೆ ತತ್ವಶಾಸ್ತ್ರಕ್ಕೂ ಅವರ ದೈವಶಾಸ್ತ್ರಕ್ಕೂ ಎಲ್ಲಿಯ ಸಂಬಂಧ?
— ಮಂಡ್ಯದ ಓದುಗರೊಬ್ಬರು

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಮೈಸೂರಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಪಾಠ ಮಾಡಿದೆ. ವರ್ಷಕ್ಕೊಂದು ಸಲವಾದರೂ ಹಿಂದಿನ ಬೆಂಚಿನಿಂದ ಇದು ಎದ್ದು ಬರುತ್ತಿತ್ತು. ನಿವೃತ್ತಿಯಾದ ಮೇಲೆ ಬಿಟ್ಟೀತು ಅಂದುಕೊಂಡೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದರೆ ಅಲ್ಲೂ ಸಿಗುತ್ತದೆ. ಒಮ್ಮೆ ಮದುವೆ ಊಟದಲ್ಲಿ, ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ ಪಕ್ಕದವರು ಕೇಳಿದರು. ಪಾಯಸ ಆರಿಹೋಯಿತು.

ತಮಾಷೆ ಅಂದರೆ ಇದೇ ಪ್ರಶ್ನೆ ಆ ಕಡೆಯಿಂದಲೂ ಬರುತ್ತದೆ. ಕ್ರೈಸ್ತ ಸ್ನೇಹಿತರು ಕೇಳುತ್ತಾರೆ: ‘ಸರ್, ತತ್ವಜ್ಞಾನದ ವಿಷಯದಲ್ಲಿ ಎಚ್ಚರವಾಗಿರಿ ಅಂತ ಬೈಬಲ್‌ನಲ್ಲೇ ಇದೆಯಲ್ಲಾ, ನಮಗ್ಯಾಕೆ ಪ್ಲೇಟೋ, ಅರಿಸ್ಟಾಟಲ್?’ ಒಬ್ಬರು ಹೆಮ್ಮೆಯಿಂದ ಕೇಳುತ್ತಾರೆ, ಇನ್ನೊಬ್ಬರು ಭಯದಿಂದ ಕೇಳುತ್ತಾರೆ. ತಪ್ಪು ತಿಳಿವಳಿಕೆ ಮಾತ್ರ ಇಬ್ಬರದೂ ಒಂದೇ.

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಅವಸರ ಇರುವವರು ಇಷ್ಟು ಓದಿ ಎದ್ದು ಹೋಗಬಹುದು.

ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಪ್ರಮಾಣದ ವಿಷಯ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಹೊಗೆ ನೋಡಿ ಬೆಂಕಿ ಇದೆ ಅನ್ನುವುದು ಅನುಮಾನ. ನಂಬಿಕಸ್ಥರ ಮಾತು, ಶಾಸ್ತ್ರದ ಮಾತು ಶಬ್ದ. ಯುರೋಪಿನವರು ಫಿಲಾಸಫಿ ಅಂತ ಕರೆದದ್ದು ಮೊದಲ ಎರಡನ್ನು ನೆಚ್ಚಿಕೊಂಡು ನಡೆಯುತ್ತದೆ. ದೈವಶಾಸ್ತ್ರ ಮೂರನೆಯದರಿಂದ ಹೊರಡುತ್ತದೆ. ಅಂದರೆ, ದೇವರೇ ತಿಳಿಸಿಕೊಟ್ಟದ್ದು ಅಂತ ಒಪ್ಪಿಕೊಂಡ ಮಾತಿನಿಂದ. ಆದರೆ ಹೊರಟ ಮೇಲೆ ದಾರಿ ಸಾಗಬೇಕಾದರೆ ಅದಕ್ಕೂ ತರ್ಕವೇ ಬೇಕು. ಆಲೆಮನೆ ನೋಡಿಲ್ವಾ? ಕಬ್ಬು ಹೊಲದಿಂದ ಬರುತ್ತದೆ, ಆಲೆಮನೆಯಲ್ಲಿ ಬೆಳೆದದ್ದಲ್ಲ. ಆದರೆ ಗಾಣ ಬೇಕು, ಕೊಪ್ಪರಿಗೆ ಬೇಕು, ಪಾಕದ ಹದ ಗೊತ್ತಿರಬೇಕು. ಇಲ್ಲದಿದ್ದರೆ ಕಬ್ಬು ಬೆಲ್ಲ ಆಗುವುದಿಲ್ಲ. ದೈವಶಾಸ್ತ್ರಕ್ಕೆ ಕಬ್ಬು ಶಾಸ್ತ್ರದಿಂದ ಬಂತು. ಗಾಣ, ಕೊಪ್ಪರಿಗೆ ಬಹುಪಾಲು ಗ್ರೀಕರ ತತ್ವಶಾಸ್ತ್ರದಿಂದ ಬಂದವು.

ಇನ್ನು ಆ ‘ಅಸಂಬದ್ಧ’ದ ಕತೆ. ಇದನ್ನು ಬಿಡಿಸದೆ ನಾನು ಮುಂದಕ್ಕೆ ಹೋಗುವುದಿಲ್ಲ. ನನಗೆ ಇದರ ಮೇಲೆ ಹಳೆಯ ಸಿಟ್ಟಿದೆ.

‘ಅಸಂಬದ್ಧವಾದ್ದರಿಂದ ನಂಬುತ್ತೇನೆ.’ ಈ ಮಾತನ್ನು ಟರ್ಟುಲಿಯನ್ ಅನ್ನುವವನ ತಲೆಗೆ ಕಟ್ಟುತ್ತಾರೆ. ಆತ ಕಾರ್ಥೇಜಿನವನು, ಈಗಿನ ಟ್ಯುನಿಶಿಯಾದ ಕಡೆ. ಲ್ಯಾಟಿನ್‌ನಲ್ಲಿ ಬರೆದ ಮೊದಲ ದೊಡ್ಡ ಕ್ರೈಸ್ತ ಲೇಖಕ. ಕಾಲ ಎರಡನೇ ಶತಮಾನದ ಕೊನೆ, ಮೂರನೆಯದರ ಆರಂಭ. ಮೊದಲನೇ ವಿಷಯ: ಆತ ಸಂತನಲ್ಲ. ಕೊನೆಗಾಲದಲ್ಲಿ ಮೊಂಟಾನಸ್ ಅನ್ನುವವನ ಪಂಥದ ಕಡೆ ವಾಲಿದ. ಚರ್ಚು ಆತನನ್ನು ಸಂತರ ಪಟ್ಟಿಗೆ ಸೇರಿಸಿಲ್ಲ. ‘ಅವರ ಸಂತರೇ ಹೇಳಿದ್ದಾರೆ’ ಅನ್ನುವ ಅರ್ಧ ಇಲ್ಲಿಗೇ ಬಿದ್ದುಹೋಯಿತು.

ಎರಡನೇ ವಿಷಯ: ಆ ವಾಕ್ಯವನ್ನು ಆತ ಬರೆದೇ ಇಲ್ಲ. ಆತನ ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಹುಡುಕಿ ನೋಡಿ.

ಹಾಗಾದರೆ ಬರೆದದ್ದೇನು? ಕ್ರಿಸ್ತನ ದೇಹದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಹೀಗಿದೆ: ದೇವರ ಮಗ ಶಿಲುಬೆಗೆ ಏರಿದ, ನಾಚಿಕೆಪಡಬೇಕಾದ ವಿಷಯ, ಅದಕ್ಕೇ ನನಗೆ ನಾಚಿಕೆಯಿಲ್ಲ. ದೇವರ ಮಗ ಸತ್ತ. ಅದು ನಂಬತಕ್ಕದ್ದು, ಯಾಕೆಂದರೆ ಅದು ಒಪ್ಪದ ಮಾತು. ಹೂಳಿದ ಮೇಲೆ ಎದ್ದ. ಅದು ಖಚಿತ, ಯಾಕೆಂದರೆ ಅದು ಅಸಾಧ್ಯ. ಇಲ್ಲಿ ‘ಒಪ್ಪದ’ ಅಂತ ನಾನು ಕನ್ನಡಿಸಿದ ಪದಕ್ಕೆ ಹೊಂದದ್ದು, ತಕ್ಕುದಲ್ಲದ್ದು ಅನ್ನುವ ಅರ್ಥ ಇದೆ. ಮದುವೆ ಮನೆಗೆ ಪಂಚೆ ಬಿಟ್ಟು ಚಡ್ಡಿ ಹಾಕಿಕೊಂಡು ಹೋದರೆ ‘ಇದೇನಯ್ಯಾ, ಚೆನ್ನಾಗಿಲ್ಲ’ ಅನ್ನುತ್ತೇವಲ್ಲ, ಆ ಥರ. ಎರಡು ಮತ್ತು ಎರಡು ಐದು ಅನ್ನುವ ಥರದ ಅಸಂಬದ್ಧ ಅಲ್ಲ.

‘ಸರಿ ಸರ್, ಆದರೂ ಅಸಾಧ್ಯ, ಅದಕ್ಕೇ ಖಚಿತ ಅಂತ ಇದೆಯಲ್ಲಾ?’ ಇದೆ. ಅದಕ್ಕೇ ಆತ ಯಾರ ಜೊತೆ ಜಗಳ ಮಾಡುತ್ತಿದ್ದ ಅಂತ ನೋಡಬೇಕು. ಎದುರಾಳಿ ಮಾರ್ಸಿಯನ್. ಕ್ರಿಸ್ತನಿಗೆ ನಿಜವಾದ ಮೈ ಇರಲೇ ಇಲ್ಲ, ಮೈಯಂತೆ ಕಾಣಿಸಿತು ಅಷ್ಟೇ ಅನ್ನುತ್ತಿದ್ದ. ಯಾಕಂತೆ? ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟುವುದು, ಬಟ್ಟೆಯಲ್ಲಿ ಸುತ್ತಿಸಿಕೊಳ್ಳುವುದು ಇದೆಲ್ಲ ದೇವರಿಗೆ ತಕ್ಕುದಲ್ಲವಂತೆ. ಟರ್ಟುಲಿಯನ್ ಕೇಳುತ್ತಾನೆ: ತಕ್ಕುದಲ್ಲ ಅಂತ ಹುಟ್ಟನ್ನು ಬಿಟ್ಟುಬಿಟ್ಟೆ. ಶಿಲುಬೆಯನ್ನು ಏನು ಮಾಡುತ್ತೀಯ? ಅದಕ್ಕಿಂತ ಅವಮಾನದ್ದು ಯಾವುದಿದೆ? ಆ ಕಾಲದ ರೋಮಿನಲ್ಲಿ ಶಿಲುಬೆ ಅಂದರೆ ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಸಾವು. ಮರ್ಯಾದಸ್ಥರು ಆ ಪದವನ್ನೇ ಬಾಯಲ್ಲಿ ಆಡುತ್ತಿರಲಿಲ್ಲ.

ಈಗ ನಮ್ಮೂರ ಕಡೆಯ ಉದಾಹರಣೆ. ಒಬ್ಬಾತ ಬಂದು ‘ನಮ್ಮ ತಾತ ಬರೀ ಕೈಲಿ ಹುಲಿ ಹೊಡೆದಿದ್ದರು’ ಅಂದರೆ ನೀವು ಮೀಸೆಯಡಿ ನಗುತ್ತೀರಿ. ಅದೇ ಮನುಷ್ಯ ‘ನಮ್ಮ ತಾತ ಸಂತೆಯಲ್ಲಿ ಗೊಡ್ಡೆಮ್ಮೆ ಕೊಂಡು ಮೋಸ ಹೋದರು, ಮನೆಗೆ ಬರೋವರೆಗೂ ಗೊತ್ತೇ ಆಗಲಿಲ್ಲ’ ಅಂದರೆ ತಕ್ಷಣ ನಂಬುತ್ತೀರಿ. ಯಾಕೆ? ತನ್ನ ಮನೆತನದ ಮಾನ ತಾನೇ ಕಳೆಯುವ ಸುಳ್ಳನ್ನು ಯಾರು ಕಟ್ಟುತ್ತಾರೆ? ಟರ್ಟುಲಿಯನ್‌ನ ಮಾತಿನ ಓಟವೂ ಹೀಗೇ. ದೇವರ ಮಗನಿಗೆ ಗುಲಾಮನ ಸಾವು ಬಂತು ಅನ್ನುವ ಕತೆಯನ್ನು ಜನರನ್ನು ಮೆಚ್ಚಿಸಲು ಹೊರಟವನು ಕಟ್ಟುವುದಿಲ್ಲ. ಈ ಥರದ ವಾದ ಆತ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಅರಿಸ್ಟಾಟಲ್ ತನ್ನ ಮಾತುಗಾರಿಕೆಯ ಪುಸ್ತಕದಲ್ಲಿ ಇದನ್ನು ಒಂದು ವಾದದ ವರಸೆ ಅಂತ ಬರೆದಿಟ್ಟಿದ್ದಾನೆ: ನಂಬಲು ಕಷ್ಟವಾದದ್ದನ್ನೂ ಜನ ನಂಬಿದ್ದಾರೆ ಅಂದರೆ ಅದು ನಿಜವೇ ಇರಬೇಕು, ಇಲ್ಲದಿದ್ದರೆ ಯಾರು ನಂಬುತ್ತಿದ್ದರು ಅಂತ. ಟರ್ಟುಲಿಯನ್‌ನ ಸಾಲುಗಳ ಹಿಂದೆ ಈ ವರಸೆಯೇ ಇದೆ ಅಂತ ಹೇಳುವ ವಿದ್ವಾಂಸರಿದ್ದಾರೆ. ನನಗೂ ಹಾಗೇ ಕಾಣುತ್ತದೆ.

ವಾದ ಗಟ್ಟಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟು ತೂತು ತೋರಿಸಬಹುದು. ಗೊಡ್ಡೆಮ್ಮೆ ಕತೆಯನ್ನೂ ಯಾರೋ ನಗಿಸಲಿಕ್ಕೆ ಅಂತ ಕಟ್ಟಿರಬಹುದು, ಅಲ್ವಾ? ಆದರೆ ಅದು ವಾದ. ‘ತಲೆ ಉಪಯೋಗಿಸಬೇಡ’ ಅನ್ನುವ ಆಜ್ಞೆ ಅಲ್ಲ. ಇಷ್ಟನ್ನು ಒಪ್ಪಿಸಲಿಕ್ಕೆ ನಾನು ಮೂವತ್ತು ವರ್ಷ ಸೀಮೆಸುಣ್ಣ ಸವೆಸಿದ್ದೇನೆ.

ಇದೇ ಮನುಷ್ಯ ಪಶ್ಚಾತ್ತಾಪದ ಬಗ್ಗೆ ಬರೆದ ಇನ್ನೊಂದು ಪುಸ್ತಕದ ಆರಂಭದಲ್ಲೇ ಹೇಳುತ್ತಾನೆ: ವಿಚಾರಶಕ್ತಿ ದೇವರದೇ ವಸ್ತು, ದೇವರು ಯಾವುದನ್ನೂ ವಿಚಾರವಿಲ್ಲದೆ ಮಾಡಿಲ್ಲ, ಎಲ್ಲವನ್ನೂ ವಿಚಾರದಿಂದಲೇ ತಿಳಿಯಬೇಕು ಅನ್ನುವುದು ಆತನ ಇಚ್ಛೆ. ಈ ಸಾಲನ್ನು ಯಾರೂ ಎತ್ತಿ ಆಡುವುದಿಲ್ಲ.

‘ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧ?’, ಅಂದರೆ ತತ್ವಶಾಸ್ತ್ರದ ಊರಿಗೂ ನಂಬಿಕೆಯ ಊರಿಗೂ ಏನು ಸಂಬಂಧ ಅಂತ ಕೇಳಿದವನೂ ಆತನೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಅದನ್ನು ಆತನೇ ಬರೆದ. ಆಗ ಪ್ಲೇಟೋನಿಂದ ಒಂದು ತುಂಡು, ಸ್ಟೋಯಿಕರು ಅನ್ನುವ ಇನ್ನೊಂದು ಗ್ರೀಕ್ ಪಂಥದವರಿಂದ ಒಂದು ತುಂಡು ಕಿತ್ತು ತಂದು ಹೊಸ ಪಂಥ ಹೊಲಿಯುವವರು ಜಾಸ್ತಿಯಾಗಿದ್ದರು. ಅವರ ಮೇಲಿನ ಸಿಟ್ಟು ಅದು. ಆದರೆ ಬೈದವನ ಜೇಬು ತಡಕಿ ನೋಡಿ. ಆತ್ಮಕ್ಕೂ ಒಂದು ಬಗೆಯ ದೇಹವಿದೆ ಅಂತ ವಾದಿಸಿದ. ಅದು ಸ್ಟೋಯಿಕರ ಮಾತು. ಸ್ಟೋಯಿಕನಾದ ಸೆನೆಕನನ್ನು ‘ಬಹಳ ಸಲ ನಮ್ಮವನೇ’ ಅಂದ. ತ್ರಿತ್ವ, ಅಂದರೆ ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಅನ್ನುವ ಮೂವರು, ಅನ್ನುವುದಕ್ಕೆ ಲ್ಯಾಟಿನ್ ಪದ ಮೊದಲು ಸಿಗುವುದು ಆತನ ಬರವಣಿಗೆಯಲ್ಲೇ. ‘ಒಂದೇ ಸತ್ವ, ಮೂವರು ವ್ಯಕ್ತಿಗಳು’ ಅನ್ನುವ ಲೆಕ್ಕಕ್ಕೆ ಸಾಮಾನು ಒದಗಿಸಿದವನೂ ಆತನೇ. ಸತ್ವ ಅನ್ನುವುದು ತತ್ವಶಾಸ್ತ್ರದ ಪದ ಅಲ್ಲದೆ ಮತ್ತೇನು? ಅಥೆನ್ಸಿನ ಅಂಗಡಿಗೆ ಬೀಗ ಹಾಕಿ ಅಂದವನು ಹಿಂಬಾಗಿಲಿನಿಂದ ಹೋಗಿ ಸಾಮಾನು ತಂದುಕೊಂಡಿದ್ದಾನೆ.

ಹಾಗಾದರೆ ಆ ‘ಅಸಂಬದ್ಧ’ ಎಲ್ಲಿಂದ ಬಂತು? 17ನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ಬ್ರೌನ್‌ಗೆ ‘ಅಸಾಧ್ಯ, ಅದಕ್ಕೇ ಖಚಿತ’ ಅನ್ನುವ ಸಾಲು ತುಂಬ ಹಿಡಿಸಿತ್ತು. 18ನೇ ಶತಮಾನದಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್ ಅದಕ್ಕೆ ‘ಅಸಂಬದ್ಧ’ವನ್ನು ಸೇರಿಸಿದ್ದು ಸಾಲದು ಅಂತ ಸಂತ ಅಗಸ್ಟೀನರ ಹೆಸರಿಗೆ ಬರೆದುಬಿಟ್ಟ. ಬಡಪಾಯಿ ಅಗಸ್ಟೀನರು! ಕಾಲ ಅಂದರೇನು ಅಂತ ಪುಟಗಟ್ಟಲೆ ತಲೆ ಕೆಡಿಸಿಕೊಂಡ ಮನುಷ್ಯ. ಆಮೇಲೆ 1927ರಲ್ಲಿ ಮನೋವಿಶ್ಲೇಷಣೆಯ ಫ್ರಾಯ್ಡ್ ಕೂಡ ಅದನ್ನೇ ಚರ್ಚಿನ ಹಿರಿಯನೊಬ್ಬನ ಮಾತು ಅಂತ ಎತ್ತಿಕೊಂಡ. ಅಲ್ಲಿಂದ ಗೈಡ್ ಪುಸ್ತಕಗಳಿಗೆ, ಗೈಡ್‌ಗಳಿಂದ ಭಾಷಣಗಳಿಗೆ, ಭಾಷಣದಿಂದ ಮಂಡ್ಯಕ್ಕೆ. ಈಗ ನನ್ನ ಮೇಜಿನ ಮೇಲಿದೆ.

ಇನ್ನೂ ಒಂದು ಮೊಳೆ ಹೊಡೆದು ಮುಗಿಸುತ್ತೇನೆ. 19ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಬೋತ್ಯಾಂ ಅನ್ನುವ ಪಾದ್ರಿ ಇದ್ದರು. ದೇವರಿದ್ದಾನೆ ಅನ್ನುವುದನ್ನು ಬುದ್ಧಿಯಿಂದ ತಿಳಿಯಲಾಗದು, ನಂಬಿಕೆಯೊಂದೇ ದಾರಿ ಅಂತ ಪಾಠ ಮಾಡುತ್ತಿದ್ದರು. ನಿಮ್ಮ ಲೆಕ್ಕದ ಪ್ರಕಾರ ಚರ್ಚು ಅವರಿಗೆ ಹಾರ ಹಾಕಬೇಕಿತ್ತು. ಆದದ್ದು ಏನು? ಅವರ ಧರ್ಮಾಧ್ಯಕ್ಷರೇ, ಅಂದರೆ ಬಿಷಪ್ಪರೇ, ಆಕ್ಷೇಪ ಎತ್ತಿದರು. 1840ರಲ್ಲಿ, ಬುದ್ಧಿಯಿಂದ ದೇವರ ಇರವನ್ನು ಸಾಧಿಸಬಹುದು ಅಂತ ಅವರಿಂದ ಸಹಿ ಹಾಕಿಸಿಕೊಂಡರು. 1870ರಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ಇನ್ನೂ ಖಡಕ್ಕಾಗಿ ಹೇಳಿತು: ಮನುಷ್ಯನ ಬುದ್ಧಿಯ ಬೆಳಕಿನಿಂದ ದೇವರನ್ನು ಖಚಿತವಾಗಿ ತಿಳಿಯಲಾಗದು ಅನ್ನುವವರು ಚರ್ಚಿನಿಂದ ಹೊರಗೆ. ‘ಸುಮ್ನೆ ನಂಬು, ಯೋಚನೆ ಮಾಡಬೇಡ’ ಅಂತ ಯಾರಾದರೂ ಪಾಠ ಮಾಡಿದರೆ ಕ್ಯಾಥೊಲಿಕ್ ಚರ್ಚಿನ ಪ್ರಕಾರ ಅದೇ ತಪ್ಪು ಬೋಧನೆ.

ಇಲ್ಲಿಗೆ ಟರ್ಟುಲಿಯನ್‌ಗೆ ಬಿಡುಗಡೆ. ಇನ್ನು ಮೊದಲು ಹೇಳಿದ ಕ್ರೈಸ್ತ ಸ್ನೇಹಿತರ ಭಯಕ್ಕೆ ಎರಡು ಮಾತು. ಸಂತ ಪೌಲರ ಹೆಸರಿನ ಪತ್ರದಲ್ಲಿ, ಕೊಲೊಸ್ಸೆಯವರಿಗೆ ಬರೆದದ್ದರಲ್ಲಿ, ತತ್ವಜ್ಞಾನದ ಪೊಳ್ಳು ಮೋಸಕ್ಕೆ ಸಿಕ್ಕಬೇಡಿ ಅಂತ ಇದೆ, ನಿಜ. ಹೊಸ ಒಡಂಬಡಿಕೆಯಲ್ಲಿ ಆ ಗ್ರೀಕ್ ಪದ ಬರುವುದು ಅಲ್ಲೊಂದೇ ಕಡೆ. ಪೊಳ್ಳು ಮಾತಿಗೆ ಮರುಳಾಗಬೇಡಿ ಅಂತ ಒಳ್ಳೆಯ ತತ್ವಶಾಸ್ತ್ರದ ಮೇಷ್ಟ್ರೂ ಹೇಳುತ್ತಾರೆ. ಅದೇ ಪೌಲರು ಅಥೆನ್ಸಿಗೆ ಹೋದಾಗ ಸ್ಟೋಯಿಕರು, ಎಪಿಕ್ಯೂರಿಯನ್ನರು ಅನ್ನುವ ಗ್ರೀಕ್ ತತ್ವಜ್ಞಾನಿಗಳ ಜೊತೆ ಮಾತಿಗೆ ಕೂತರು, ಗ್ರೀಕ್ ಕವಿಯ ಸಾಲನ್ನೇ ಎತ್ತಿ ಅವರಿಗೆ ಹೇಳಿದರು. ಯೊವಾನ್ನರ ಸುವಾರ್ತೆ ಆರಂಭವಾಗುವುದೇ ‘ಆದಿಯಲ್ಲಿ ವಾಕ್ಯವಿತ್ತು’ ಅಂತ. ಅಲ್ಲಿ ಗ್ರೀಕಿನಲ್ಲಿರುವ ಪದ ‘ಲೋಗೋಸ್’. ಮಾತು ಅನ್ನುವ ಅರ್ಥವೂ ಇದೆ, ವಿಚಾರ ಅನ್ನುವ ಅರ್ಥವೂ ಇದೆ. ಕನ್ನಡಕ್ಕೆ ಬರುವಾಗ ಒಂದು ಅರ್ಥ ದಡ ಸೇರಿತು, ಇನ್ನೊಂದು ಹೊಳೆಯಲ್ಲೇ ಉಳಿಯಿತು.

ಎರಡನೇ ಶತಮಾನದ ಸಂತ ಜಸ್ಟಿನರ ಕತೆ ನನಗೆ ತುಂಬ ಇಷ್ಟ. ಸತ್ಯ ಹುಡುಕಿಕೊಂಡು ಮೇಷ್ಟ್ರಿಂದ ಮೇಷ್ಟ್ರಿಗೆ ಅಲೆದರು. ಸ್ಟೋಯಿಕ್ ಮೇಷ್ಟ್ರಿಗೆ ದೇವರ ವಿಷಯವೇ ಬೇಡವಾಗಿತ್ತು. ಅರಿಸ್ಟಾಟಲ್ ಪಂಥದ ಮೇಷ್ಟ್ರು ನಾಲ್ಕು ದಿನ ಕಳೆಯುವಷ್ಟರಲ್ಲಿ ಫೀಸು ಎಷ್ಟು ಕೊಡುತ್ತೀಯ ಅಂದರು. ಪೈಥಾಗರಸ್ ಪಂಥದವರು ಮೊದಲು ಸಂಗೀತ, ಖಗೋಳ, ರೇಖಾಗಣಿತ ಕಲಿತು ಬಾ ಅಂದರು. ಈಗಿನ ಟ್ಯೂಷನ್, ಬ್ರಿಡ್ಜ್ ಕೋರ್ಸ್ ಎಲ್ಲ ಆಗಲೇ ಇತ್ತು. ಕೊನೆಗೆ ಪ್ಲೇಟೋ ಪಂಥದವರ ಹತ್ತಿರ ನಿಂತರು, ಅಲ್ಲಿಂದ ಕ್ರೈಸ್ತರಾದರು. ಆದ ಮೇಲೂ ತತ್ವಜ್ಞಾನಿಯ ಮೇಲುವಸ್ತ್ರ ತೆಗೆಯಲಿಲ್ಲ. ನಾನು ಈಗ ಸೇರಿದ್ದೇ ನಿಜವಾದ ತತ್ವಶಾಸ್ತ್ರ ಅಂದರು. ಸುಮಾರು 165ರಲ್ಲಿ ರೋಮಿನಲ್ಲಿ ಅವರ ತಲೆ ಕಡಿದರು.

ಮೈಸೂರಿನವರಿಗೆ ಇದೆಲ್ಲ ದೂರದ ಮಾತು ಅನ್ನಿಸಿದರೆ, ಅಶೋಕ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಫಿಲೋಮಿನಾ ಚರ್ಚಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದವರು ಯಾರಿದ್ದಾರೆ? 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಹಾಕಿದರು. ಆ ಜೋಡಿ ಗೋಪುರದ ಕಟ್ಟಡಕ್ಕೆ ಜರ್ಮನಿಯ ಕಲೋನ್ ಚರ್ಚು ಮಾದರಿ. ಕಲೋನಿನ ಆ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1248ರಲ್ಲಿ. ಅದೇ ವರ್ಷ ಆಲ್ಬರ್ಟ್ ಅನ್ನುವ ದೊಡ್ಡ ವಿದ್ವಾಂಸರು ಅದೇ ಊರಿನಲ್ಲಿ ತಮ್ಮ ಪಂಥದ ಸನ್ಯಾಸಿಗಳಿಗೆ ಪಾಠಶಾಲೆ ತೆರೆದರು. ಅರಿಸ್ಟಾಟಲ್‌ನನ್ನು ಕ್ರೈಸ್ತರಿಗೆ ಓದಿಸಬೇಕು ಅಂತ ಪಣ ತೊಟ್ಟವರು ಅವರು. ಆ ಶಾಲೆಯಲ್ಲಿ ಮಾತು ಕಡಿಮೆ, ಮೈ ದಪ್ಪ ಇದ್ದ ಒಬ್ಬ ಇಟಲಿಯ ಹುಡುಗ. ಸಹಪಾಠಿಗಳು ‘ಮೂಕ ಎತ್ತು’ ಅಂತ ಅಡ್ಡ ಹೆಸರಿಟ್ಟಿದ್ದರು ಅಂತ ಕತೆ. ಅವರೇ ಸಂತ ಥಾಮಸ್ ಅಕ್ವಿನಾಸ್.

ಥಾಮಸರ ದೊಡ್ಡ ಗ್ರಂಥವನ್ನು ಒಮ್ಮೆ ಬಿಡಿಸಿ ನೋಡಿದರೆ ನಮ್ಮ ಶಾಸ್ತ್ರ ಓದಿದವರಿಗೆ ಮನೆಗೆ ಬಂದ ಹಾಗೆ ಅನ್ನಿಸುತ್ತದೆ. ಯಾಕೆಂದರೆ ಪ್ರತಿ ವಿಷಯವೂ ಪೂರ್ವಪಕ್ಷದಿಂದಲೇ, ಅಂದರೆ ಎದುರಾಳಿಯ ವಾದದಿಂದಲೇ ಶುರು. ‘ದೇವರಿದ್ದಾನೆಯೇ?’ ಅನ್ನುವ ಕಡೆ ಮೊದಲು ಬರೆದಿರುವುದು ದೇವರಿಲ್ಲ ಅನ್ನುವವರ ವಾದ. ಒಂದು: ದೇವರು ಅಂದರೆ ಕೊನೆಯಿಲ್ಲದ ಒಳ್ಳೆಯತನ, ಹಾಗಿದ್ದರೆ ಕೆಡುಕಿಗೆ ಜಾಗವೇ ಇರಬಾರದು, ಆದರೆ ಇದೆಯಲ್ಲ. ಎರಡು: ಜಗತ್ತಿನಲ್ಲಿ ನಡೆಯುವುದನ್ನೆಲ್ಲ ಪ್ರಕೃತಿ ಮತ್ತು ಮನುಷ್ಯನ ಇಚ್ಛೆಯಿಂದಲೇ ವಿವರಿಸಬಹುದು, ದೇವರು ಯಾಕೆ ಬೇಕು? ಇವತ್ತಿನ ನಾಸ್ತಿಕರ ಬತ್ತಳಿಕೆಯ ಎರಡು ದೊಡ್ಡ ಬಾಣ ಇವೇ ಅಲ್ವಾ? ಅದನ್ನು 13ನೇ ಶತಮಾನದ ಸನ್ಯಾಸಿ ತಾನೇ ಎದುರಾಳಿಯ ಕೈಗೆ ಕೊಟ್ಟು, ಆಮೇಲೆ ದೇವರಿದ್ದಾನೆ ಅಂತ ಸಾಧಿಸುವ ತನ್ನ ಐದು ದಾರಿಗಳನ್ನು, ಅಂದರೆ ಐದು ವಾದಗಳನ್ನು, ಹೇಳುತ್ತಾರೆ. ಇನ್ನೂ ಒಂದು ಇದೆ. ಜಗತ್ತಿಗೆ ಆದಿ ಇದೆ ಅಂತ ಅವರು ನಂಬುತ್ತಾರೆ, ಶಾಸ್ತ್ರ ಹೇಳಿದೆ ಅಂತ. ಆದರೆ ತರ್ಕದಿಂದ ಅದನ್ನು ಸಾಧಿಸಲಾಗದು ಅಂತ ಒಪ್ಪಿಕೊಳ್ಳುತ್ತಾರೆ. ತ್ರಿತ್ವವೂ ಅಷ್ಟೇ. ಯಾವುದು ಅನುಮಾನಕ್ಕೆ ಸಿಗುತ್ತದೆ, ಯಾವುದು ಶಬ್ದಕ್ಕೆ ಮಾತ್ರ ಸಿಗುತ್ತದೆ ಅಂತ ಗೆರೆ ಎಳೆದು ಹೇಳುವವರು ಸುಮ್ನೆ ನಂಬುವವರಾ?

ಇವತ್ತಿಗೂ ಕ್ಯಾಥೊಲಿಕ್ ಗುರು ಆಗಬೇಕಾದರೆ ಚರ್ಚಿನ ಕಾನೂನಿನ ಪ್ರಕಾರ ಎರಡು ವರ್ಷ ತತ್ವಶಾಸ್ತ್ರ ಓದಲೇಬೇಕು. ಅದಾದ ಮೇಲೆ ನಾಲ್ಕು ವರ್ಷ ದೈವಶಾಸ್ತ್ರ. ಅಂದರೆ ಭಾನುವಾರ ಪೂಜೆ ಮಾಡುವ ಫಾದರ್ ಪ್ಲೇಟೋನನ್ನು ಓದಿಯೇ ಪೀಠದ ಹತ್ತಿರ ಬಂದಿರುತ್ತಾರೆ. ಮುಂದಿನ ಸಲ ಸಿಕ್ಕಾಗ ಕೇಳಿ ನೋಡಿ.

ಜಗಳ ಆಗಿಯೇ ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. 1277ರಲ್ಲಿ ಪ್ಯಾರಿಸ್ಸಿನ ಧರ್ಮಾಧ್ಯಕ್ಷರು 219 ವಿಚಾರಗಳನ್ನು ಪಾಠ ಮಾಡಬಾರದು ಅಂತ ಪಟ್ಟಿ ಹಾಕಿದರು. ಆಗಲೇ ತೀರಿಕೊಂಡಿದ್ದ ಥಾಮಸರ ಕೆಲವು ಮಾತಿಗೂ ಅದರ ಬಿಸಿ ತಟ್ಟಿತು. 1517ರಲ್ಲಿ ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರ್, ಅರಿಸ್ಟಾಟಲ್‌ನನ್ನು ಬಿಟ್ಟ ಹೊರತು ಯಾರೂ ದೈವಶಾಸ್ತ್ರಜ್ಞ ಆಗುವುದಿಲ್ಲ ಅಂದರು. ಅವರ ಬಲಗೈ ಮೆಲಾಂಕ್ತನ್ ಅದೇ ಅರಿಸ್ಟಾಟಲ್‌ನನ್ನು ಮೆಲ್ಲಗೆ ಕ್ಲಾಸಿಗೆ ವಾಪಸ್ ಕರೆತಂದರು. ಇನ್ನು, ತತ್ವಶಾಸ್ತ್ರ ದೈವಶಾಸ್ತ್ರದ ದಾಸಿ ಅನ್ನುವ ಹಳೆಯ ಮಾತೊಂದಿದೆ. ಅದಕ್ಕೆ ಜರ್ಮನಿಯ ತತ್ವಜ್ಞಾನಿ ಕ್ಯಾಂಟ್ ಕೊಟ್ಟ ಉತ್ತರ ಮೈಸೂರಿನವರಿಗೆ ಚೆನ್ನಾಗಿ ಹಿಡಿಸಬೇಕು: ದಾಸಿ ಇರಬಹುದು, ಆದರೆ ಅವಳು ಒಡತಿಯ ಸೆರಗು ಹಿಡಿದು ಹಿಂದೆ ಬರುತ್ತಾಳೋ, ಪಂಜು ಹಿಡಿದು ಮುಂದೆ ನಡೆಯುತ್ತಾಳೋ? ಪಂಜಿನ ಕವಾಯತು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೊಟ್ಟು ತೆಗೆದುಕೊಳ್ಳುವುದು ಒಂದೇ ಕಡೆಯಿಂದ ಆಗಿದ್ದೂ ಅಲ್ಲ. ಇವತ್ತು ‘ವ್ಯಕ್ತಿ’ ಅಂತ ಸಲೀಸಾಗಿ ಅನ್ನುತ್ತೇವೆ. ವ್ಯಕ್ತಿ ಅಂದರೆ ಯಾರು ಅಂತ ಯುರೋಪು ತಲೆ ಕೆಡಿಸಿಕೊಂಡದ್ದರಲ್ಲಿ ದೊಡ್ಡ ಪಾಲು ಚರ್ಚಿನ ಸಭೆಗಳದು. 325ರಲ್ಲಿ ನಿಸೇಯದಲ್ಲಿ, ಮಗ ತಂದೆಯೊಂದಿಗೆ ‘ಒಂದೇ ಸತ್ವ’ ಅನ್ನುವ ಪದ ತಂದರು. ಅದು ಬೈಬಲ್‌ನಲ್ಲಿ ಇಲ್ಲದ ಪದ ಅಂತ ಆಗಲೇ ಗಲಾಟೆಯಾಯಿತು. 451ರಲ್ಲಿ ಕಾಲ್ಸೆಡನ್ನಿನಲ್ಲಿ, ಕ್ರಿಸ್ತನಲ್ಲಿ ಸ್ವಭಾವ ಎರಡು, ವ್ಯಕ್ತಿ ಒಬ್ಬನೇ ಅಂದರು. ಹಾಗಾದರೆ ಸ್ವಭಾವ ಬೇರೆ, ವ್ಯಕ್ತಿ ಬೇರೆಯಾ? ಈ ಗಂಟು ಬಿಡಿಸಲು ಹೋಗಿ ರೋಮಿನ ತತ್ವಜ್ಞಾನಿ ಬೋಥಿಯಸ್ ಮುಂದೆ ಸಾವಿರ ವರ್ಷ ಬಾಳುವಂಥ ವ್ಯಾಖ್ಯೆ ಕೊಟ್ಟ: ವ್ಯಕ್ತಿ ಅಂದರೆ ವಿಚಾರ ಮಾಡುವ ಸ್ವಭಾವದ ಬಿಡಿ ಸತ್ವ. ತತ್ವಶಾಸ್ತ್ರಕ್ಕೆ ಇದು ದೈವಶಾಸ್ತ್ರದ ಮನೆಯಿಂದ ಬಂದ ಬಾಗಿನ.

ಇಷ್ಟು ಹೇಳುವಾಗ ನನಗೆ ಮಹಾರಾಜ ಕಾಲೇಜು ನೆನಪಾಗದೆ ಇರುವುದಿಲ್ಲ. 1918ರಿಂದ 1921ರವರೆಗೆ ಅಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟ ರಾಧಾಕೃಷ್ಣನ್ ಅವರು ಓದಿದ್ದು ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ವೇದಾಂತದಲ್ಲಿ ನೀತಿಗೆ ಜಾಗವೇ ಇಲ್ಲ ಅಂತ ಆಗ ಕೆಲವರು ಟೀಕೆ ಮಾಡುತ್ತಿದ್ದರು. ಇಪ್ಪತ್ತರ ಹುಡುಗ ರೇಗಿಹೋಗಿ ಅದಕ್ಕೆ ಉತ್ತರವಾಗಿ ತನ್ನ ಎಂ.ಎ. ಪ್ರಬಂಧವನ್ನೇ ಬರೆದ, 1908ರಲ್ಲಿ. ‘ನಿಮ್ಮಲ್ಲಿ ಅದು ಇಲ್ಲ, ಇದು ಇಲ್ಲ’ ಅಂತ ಓದದೆ ಹೇಳಿಸಿಕೊಂಡರೆ ಎಷ್ಟು ಉರಿಯುತ್ತದೆ ಅಂತ ನಮಗೆ ಗೊತ್ತಿದೆ. ಈಗ ಅದನ್ನೇ ನಾವು ಬೇರೆಯವರಿಗೆ ಹೇಳುತ್ತಿದ್ದೇವೆ.

ಇನ್ನು ನೀವು ಕೇಳದ ಒಂದು ಪ್ರಶ್ನೆ. ಮಂಡ್ಯದವರು ಅಂದಮೇಲೆ ಮೇಲುಕೋಟೆ ವಿಷಯ ಎತ್ತದೆ ಬಿಡುವುದು ಹೇಗೆ? ರಾಮಾನುಜರು ತತ್ವಜ್ಞಾನಿಯೋ, ದೈವಶಾಸ್ತ್ರಜ್ಞರೋ?

ಕುಂಬಾರನಿಲ್ಲದೆ ಮಡಕೆ ಇಲ್ಲ, ಹಾಗೇ ಜಗತ್ತಿಗೂ ಮಾಡಿದವನೊಬ್ಬ ಇರಬೇಕು ಅಂತ ನ್ಯಾಯ ದರ್ಶನದವರ ವಾದ. ಥಾಮಸರ ಐದು ದಾರಿಗಳಿಗೆ ದೂರದ ದಾಯಾದಿ. ರಾಮಾನುಜರು ದೇವರ ಪರವಾಗಿಯೇ ನಿಂತವರು, ಈ ವಾದವನ್ನು ಖುಷಿಯಿಂದ ಒಪ್ಪುತ್ತಾರೆ ಅಂದುಕೊಳ್ಳುತ್ತೇವೆ. ಆದರೆ ಬ್ರಹ್ಮಸೂತ್ರಕ್ಕೆ ಬರೆದ ವ್ಯಾಖ್ಯಾನವಾದ ಶ್ರೀಭಾಷ್ಯದಲ್ಲಿ ಅವರು ಅದನ್ನು ಪುಡಿ ಮಾಡುತ್ತಾರೆ. ಮಡಕೆ ಮಾಡಿದ ಕುಂಬಾರನನ್ನು ಕಂಡಿದ್ದೇವೆ, ಬೆಟ್ಟ ಮಾಡಿದವನನ್ನು ಯಾರು ಕಂಡಿದ್ದಾರೆ? ಎಲ್ಲವೂ ಒಂದೇ ಸಲ, ಒಬ್ಬನೇ ಮಾಡಿದ ಅನ್ನುವುದಕ್ಕೆ ಏನು ಆಧಾರ? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಾರದೇಕೆ? ಕುಂಬಾರನಿಗೆ ಮೈಯಿದೆ, ಆ ಲೆಕ್ಕದಲ್ಲಿ ದೇವರಿಗೂ ನಮ್ಮಂಥದೇ ಮೈ ಬೇಕಾಗುವುದಿಲ್ಲವೇ? ಆದ್ದರಿಂದ ಅನುಮಾನದಿಂದ ಈಶ್ವರ ಸಿಗುವುದಿಲ್ಲ, ಶಾಸ್ತ್ರವೊಂದೇ ಪ್ರಮಾಣ. ಇದು ಅವರ ತೀರ್ಮಾನ. ಒಂದು ಹಡಗನ್ನು ಹತ್ತಾರು ಜನ ಸೇರಿ ಕಟ್ಟುವ ಹಾಗೆ ಜಗತ್ತನ್ನೂ ಹಲವು ದೇವರು ಸೇರಿ ಕಟ್ಟಿರಬಾರದೇಕೆ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೇಳಿದ ಪುಸ್ತಕ ಅಚ್ಚಾದದ್ದು 1779ರಲ್ಲಿ. ಅಷ್ಟು ಹೊತ್ತಿಗೆ ಶ್ರೀಭಾಷ್ಯಕ್ಕೆ ಆರು ಶತಮಾನ ದಾಟಿತ್ತು.

ನಿಮ್ಮ ಪ್ರಶ್ನೆಯನ್ನು ಇಲ್ಲಿಟ್ಟು ನೋಡಿ. ‘ಬರೀ ನಂಬಿಕೆ’ಯವರು ಅಂತ ನೀವಂದ ಕಡೆಯ ಥಾಮಸರು ದೇವರಿದ್ದಾನೆ ಅನ್ನುವುದನ್ನು ತರ್ಕದಿಂದ ಸಾಧಿಸಬಹುದು ಅನ್ನುತ್ತಾರೆ. ‘ದರ್ಶನ’ದವರು ಅಂತ ನೀವಂದ ಕಡೆಯ ರಾಮಾನುಜರು ಆಗದು, ಶಾಸ್ತ್ರವೇ ಬೇಕು ಅನ್ನುತ್ತಾರೆ. ಆಗದು ಅನ್ನುವುದನ್ನು ತೋರಿಸಲು ಬಳಸಿದ್ದು ಮಾತ್ರ ಹರಿತವಾದ ತರ್ಕ. ಪರಂಪರೆಯ ಪ್ರಕಾರ ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ಇದ್ದರು ಅವರು. ಹೋದಾಗ ಪುಳಿಯೋಗರೆಯ ಜೊತೆ ಇದನ್ನೂ ಸ್ವಲ್ಪ ಕೇಳಿಕೊಂಡು ಬನ್ನಿ.

ಕೊನೆಯ ವರ್ಷ ಪಾಠ ಮಾಡುವಾಗ ನನ್ನ ಕ್ಲಾಸಿನಲ್ಲಿ ಗುರುಮಠದಿಂದ ಬರುತ್ತಿದ್ದ ಒಬ್ಬ ಬ್ರದರ್ ಇದ್ದ, ಪಾದ್ರಿಯಾಗಲು ಓದುತ್ತಿದ್ದ ಹುಡುಗ. ಈ ಭಾಗ ಮುಗಿಸಿ ಹೊರಗೆ ಬರುವಾಗ ಹಿಂದೆಯೇ ಬಂದ.

‘ಸರ್, ನಮ್ಮ ಥಾಮಸರ ಕಾಲಕ್ಕೆ ಈ ಶ್ರೀಭಾಷ್ಯ ಲ್ಯಾಟಿನ್‌ಗೆ ಹೋಗಿದ್ದಿದ್ರೆ?’

‘ಏನಾಗ್ತಿತ್ತಪ್ಪಾ?’ ಅಂದೆ.

‘ಪೂರ್ವಪಕ್ಷ ಎರಡಿದ್ದದ್ದು ಮೂರಾಗ್ತಿತ್ತು ಸರ್. ಮೂರನೇದಕ್ಕೆ ಉತ್ತರ ಬರೆಯೋಕೆ ಅವರಿಗೆ ಒಂದು ವಾರ ಬೇಕಾಗ್ತಿತ್ತು.’

ಮುಂದಿನ ಸೋಮವಾರ ನನ್ನ ಮೇಜಿನ ಮೇಲೆ ಪುಳಿಯೋಗರೆ ಗೊಜ್ಜಿನ ಪೊಟ್ಟಣ ಇತ್ತು. ಭಾನುವಾರ ಪೂಜೆ ಮುಗಿಸಿಕೊಂಡು ನಾಲ್ಕು ಜನ ಬ್ರದರ್‌ಗಳು ಬಸ್ಸು ಹತ್ತಿ ಮೇಲುಕೋಟೆಗೆ ಹೋಗಿ, ಬೆಟ್ಟ ಹತ್ತಿ ಇಳಿದು ಬಂದಿದ್ದರಂತೆ.